ವೀಸಾ ಸಿಕ್ತು ಅಂದ್ರೆ ಎಲ್ಲಾ ಮುಗೀತು ಅಂದ್ಕೊಂಡಿರೋ ಮಕ್ಕಳ ಪರವಾಗಿ ವಿದೇಶಾಂಗ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಎಸ್. ಜೈಶಂಕರ್ ಅವರಿಗೆ,

ನಮಸ್ಕಾರ ಸರ್. ಅಮೆರಿಕದಲ್ಲಿ ಓದೋ ಫಾರಿನ್ ಸ್ಟೂಡೆಂಟ್ಸಲ್ಲಿ ಈಗ ನಮ್ಮವರೇ ಜಾಸ್ತಿ, 2023-24ರಲ್ಲೇ 3,31,602 ಜನ ಇದ್ರು. ಅಲ್ಲಿ ಅವರನ್ನ ಲೀಗಲ್ ಆಗಿ ಉಳಿಸೋದು ಯಾವ ಕಾಗದ ಅಂತ ಹೊರಡೋಕೆ ಮುಂಚೆ ಯಾರಾದ್ರೂ ಕೂರಿಸ್ಕೊಂಡು ಹೇಳ್ತಾರಾ? ಕನ್ಸಲ್ಟೆನ್ಸಿಯವ್ರು ವೀಸಾ ಇಂಟರ್‌ವ್ಯೂ ತನಕ ಮಾತ್ರ ಹೇಳ್ಕೊಡ್ತಾರೆ, ಸ್ಟಾಂಪ್ ಬಿದ್ಮೇಲೆ ಅವರು ಫೋನೂ ಎತ್ತಲ್ಲ.

ಆದ್ರೆ ಎಫ್-1, ಅಂದ್ರೆ ಸ್ಟೂಡೆಂಟ್ ವೀಸಾ, ಬೇಕಾಗೋದು ಒಳಗೆ ಹೋಗೋಕೆ ಅಷ್ಟೇ ಸರ್. ಓದ್ತಿರೋವಾಗ ಅದರ ಡೇಟ್ ಮುಗಿದ್ರೂ ಅಲ್ಲಿರೋಕೆ ತೊಂದ್ರೆ ಇಲ್ಲ, ಹೊರಗೆ ಹೋಗಿ ವಾಪಸ್ ಬರೋವಾಗ ಹೊಸದು ಬೇಕು. ನಿಜವಾಗ್ಲೂ ಲೆಕ್ಕಕ್ಕೆ ಬರೋದು ಕೋರ್ಸ್ ಯಾವಾಗಿಂದ ಯಾವಾಗಿನ ತನಕ ಅಂತ ಕಾಲೇಜು ಬರೆದು ಕೊಡೋ ಐ-20, ಏರ್‌ಪೋರ್ಟಲ್ಲಿ ಎಂಟ್ರಿ ಆದಾಗ ಆನ್‌ಲೈನಲ್ಲಿ ದಾಖಲಾಗೋ ಐ-94, ಆಮೇಲೆ ಸೇವಿಸ್ ಅನ್ನೋ ಅವರ ಸರ್ಕಾರದ ಡೇಟಾಬೇಸಲ್ಲಿ ನಮ್ಮ ಹುಡುಗನ ರೆಕಾರ್ಡ್ ಆಕ್ಟಿವ್ ಆಗಿರೋದು. ಮನೆ ಬದಲಾಯಿಸಿದ್ರೆ 10 ದಿನದೊಳಗೆ ಹೇಳ್ಬೇಕು, ಒಂದು ಸಬ್ಜೆಕ್ಟ್ ಡ್ರಾಪ್ ಮಾಡಿ ಫುಲ್‌ಟೈಮ್‌ಗಿಂತ ಕಮ್ಮಿ ಆಗೋ ಹಾಗಿದ್ರೆ ಮೊದ್ಲೇ ಕಾಲೇಜಲ್ಲಿ ಫಾರಿನ್ ಸ್ಟೂಡೆಂಟ್ಸ್ ರೆಕಾರ್ಡ್ ನೋಡ್ಕೊಳ್ಳೋ ಅಧಿಕಾರಿ ಡಿಎಸ್‌ಒ ಪರ್ಮಿಷನ್ ತಗೋಬೇಕು, ಕೋರ್ಸ್ ಲೇಟ್ ಆಗತ್ತೆ ಅಂದ್ರೆ ಐ-20 ಡೇಟ್ ಮುಗಿಯೋದ್ರೊಳಗೆ ಎಕ್ಸ್‌ಟೆನ್ಷನ್ ಮಾಡಿಸ್ಬೇಕು. ಸೆಮಿಸ್ಟರ್ ಟೈಮಲ್ಲಿ ಕ್ಯಾಂಪಸ್ ಕೆಲಸ ವಾರಕ್ಕೆ 20 ಗಂಟೆ ಮಾತ್ರ. ಕ್ಯಾಂಪಸ್ ಹೊರಗೆ ಗ್ಯಾಸ್ ಸ್ಟೇಷನಲ್ಲಿ (ಪೆಟ್ರೋಲ್ ಬಂಕಲ್ಲಿ) ಕೆಲಸ ಮಾಡಿದ್ರೆ ಕ್ಯಾಶ್ ಕೈಗೇ ಕೊಡ್ತಾರೆ ಕಣೋ, ಯಾರಿಗೂ ಗೊತ್ತಾಗಲ್ಲ ಅನ್ನೋ ಸೀನಿಯರ್‌ಗಳಿಗಂತೂ ಬರ ಇಲ್ಲ. ಅಂಥ ಮಾತು ಕೇಳಿ ಸ್ಟೇಟಸ್, ಅಂದ್ರೆ ಅಲ್ಲಿ ಲೀಗಲ್ ಆಗಿ ಇರೋ ಹಕ್ಕು, ಕಳ್ಕೊಂಡ್ರೆ ವೀಸಾ ಇನ್ನೂ ಮೂರು ವರ್ಷ ಇದೆ ಅಂತ ತೋರಿಸಿ ಏನೂ ಪ್ರಯೋಜನ ಇಲ್ಲ.

2011ರಲ್ಲಿ ವೀಸಾ ವಂಚನೆ ಆರೋಪದ ಮೇಲೆ ಕ್ಯಾಲಿಫೋರ್ನಿಯಾದ ಟ್ರೈ ವ್ಯಾಲಿ ಯೂನಿವರ್ಸಿಟಿ ಮುಚ್ಚಿಸಿದಾಗ ನಮ್ಮ ಹುಡುಗರ ಕಾಲಿಗೆ ರೇಡಿಯೋ ಟ್ಯಾಗ್ ಹಾಕಿದ್ರು. ಆಗ ನಿಮ್ಮ ಜಾಗದಲ್ಲಿ ಇದ್ದವರು ನಮ್ಮ ಎಸ್.ಎಂ. ಕೃಷ್ಣ, ಭಾರತ ಆಕ್ಷೇಪ ಎತ್ತಿತ್ತು. 2019ರಲ್ಲಿ ಮಿಷಿಗನ್‌ನ ಫಾರ್ಮಿಂಗ್ಟನ್ ಯೂನಿವರ್ಸಿಟಿ ಪ್ರಕರಣ, ಬಲೆ ಬೀಸೋಕೆ ಅಂತ ಅದನ್ನ ನಡೆಸ್ತಿದ್ದಿದ್ದೇ ಅಮೆರಿಕದ ಅಧಿಕಾರಿಗಳು, ಕ್ಲಾಸೇ ಇಲ್ಲದ ಕಾಲೇಜು, ಐ-20 ಮಾತ್ರ ಕೊಡ್ತಿತ್ತು, 129 ಭಾರತೀಯರು ಅರೆಸ್ಟ್ ಆದ್ರು. ಆಗಲೂ ಪ್ರತಿಭಟನೆ, ಹೆಲ್ಪ್‌ಲೈನ್. ಬೇಡ ಅಂತಲ್ಲ ಸರ್, ಆದ್ರೆ ಎಲ್ಲಾ ಸಿಕ್ಕಿಹಾಕ್ಕೊಂಡ ಮೇಲೇನೇ. 2025ರ ಏಪ್ರಿಲಲ್ಲಿ ಅಮೆರಿಕ ಸರ್ಕಾರ ಸಾವಿರಾರು ಸೇವಿಸ್ ರೆಕಾರ್ಡ್ ಒಂದೇ ಸಲ ಟರ್ಮಿನೇಟ್ ಮಾಡಿದಾಗ, ಕೋರ್ಟಲ್ಲಿ ಕೇಸ್ ಮೇಲೆ ಕೇಸ್ ಬಿದ್ಮೇಲೆ ಅವರೇ ವಾಪಸ್ ಆಕ್ಟಿವ್ ಮಾಡಿದ್ರು ಅದು ಬೇರೆ ಮಾತು, ಹೋಗಿದ್ದು ವೀಸಾನಾ ಸ್ಟೇಟಸ್ಸಾ ಅಂತ ತಿಳ್ಕೊಳ್ಳೋದೇ ಎಷ್ಟೋ ಮಕ್ಕಳಿಗೆ ದೊಡ್ಡ ತಲೆನೋವಾಗಿತ್ತು. ಅದೇ ವರ್ಷ ಆಗಸ್ಟಲ್ಲಿ ಅವರಿಂದ ಇನ್ನೊಂದು ಪ್ರಸ್ತಾವ ಬಂತು, ಕೋರ್ಸ್ ಮುಗಿಯೋ ತನಕ ಇರ್ಬಹುದು ಅನ್ನೋದನ್ನ ತೆಗೆದು ಹೆಚ್ಚು ಅಂದ್ರೆ 4 ವರ್ಷ ಅಂತ ಡೇಟ್ ಹಾಕೋದು, ಓದು ಮುಗಿದ್ಮೇಲೆ ದೇಶ ಬಿಡೋಕೆ ಸಿಗೋ 60 ದಿನವನ್ನ 30ಕ್ಕೆ ಇಳಿಸೋದು.

ಅಮೆರಿಕದ ಕಾನೂನು ನಿಮ್ಮ ಕೈಲಿಲ್ಲ, ಗೊತ್ತು. ಆದ್ರೆ ಈ ಕಾಗದಗಳಲ್ಲಿ ಪಾಸ್‌ಪೋರ್ಟ್ ಒಂದು ಪೂರ್ತಿ ನಿಮ್ಮದೇ. ಎಷ್ಟೋ ಮಕ್ಕಳ ಪಾಸ್‌ಪೋರ್ಟ್ ಅವಧಿ ಸರಿಯಾಗಿ ಕೋರ್ಸ್ ಮಧ್ಯಕ್ಕೆ ಬಂದು ಮುಗಿಯತ್ತೆ. ಅಡ್ಮಿಷನ್ ಲೆಟರ್ ಇದ್ರೆ ಎಷ್ಟೇ ಅವಧಿ ಉಳಿದಿರ್ಲಿ, ಹೊರಡೋಕೆ ಮುಂಚೆ ಇಲ್ಲೇ ರಿನ್ಯೂ ಮಾಡ್ಕೊಡಿ, ಅಲ್ಲಿ ಕಾನ್ಸುಲೇಟಿಗೆ ಅರ್ಜಿ ಹಾಕೋ ಸ್ಟೂಡೆಂಟ್‌ಗಳಿಗೆ ಬೇರೆ ಕ್ಯೂ ಮಾಡಿ. ಇನ್ನೊಂದು, ಹೊರಡೋ ಮಕ್ಕಳಿಗೆ ಪಾಸ್‌ಪೋರ್ಟ್ ಆಫೀಸಲ್ಲೇ ಎರಡು ಗಂಟೆ ಕ್ಲಾಸ್ ಇಡ್ಸಿ, ಕನ್ನಡದಲ್ಲೂ ಇರ್ಲಿ, ಅಪ್ಪ ಅಮ್ಮನೂ ಬರ್ಲಿ. ಸಾಲ ತೀರಿಸೋರು ಅವರೇ, ಯಾವ ಕಾಗದ ತಪ್ಪಿದ್ರೆ ಮಗಳು ವಾಪಸ್ ಬರ್ಬೇಕಾಗತ್ತೆ ಅಂತ ಅವರಿಗೂ ಗೊತ್ತಿರ್ಬೇಕಲ್ವಾ.

ಫಾಲ್ ಸೆಮಿಸ್ಟರ್‌ಗೆ ಜುಲೈ ಕೊನೆಯಿಂದಾನೇ ಹೊರಡ್ತಾರೆ ಸರ್, ಜೂನ್ ಒಳಗೆ ಒಂದು ಸುತ್ತೋಲೆ ಹೊರಡಿಸಿದ್ರೂ ಈ ವರ್ಷದ ಬ್ಯಾಚಿಗೆ ಸಿಗತ್ತೆ.

ಇಂತಿ,
ಜೂನಿಯರ್‌ಗಳ ಫೋನ್ ಎತ್ತೋ ಒಬ್ಬ ಹಳೇ ಎಫ್-1 ವಿದ್ಯಾರ್ಥಿ