ಮೂರು ಚಾಪೆಯ ಕೋಣೆಯಿಂದ

ಪ್ರಿಯ ಮಂಜುನಾಥ,

ಒಸಾಕಾಕ್ಕೆ ಬಂದು ಮೂರು ದಿನವಾಯಿತು. ಶಿನ್-ಇಮಾಮಿಯಾ ನಿಲ್ದಾಣದ ಹತ್ತಿರ ರಾತ್ರಿಗೆ 2,200 ಯೆನ್ನಿನ ಹೋಟೆಲಿನಲ್ಲಿದ್ದೇನೆ. ಕೋಣೆ ಮೂರು ತತಾಮಿ ಚಾಪೆಯಷ್ಟು. ಒಂದು ಚಾಪೆ ಹೆಚ್ಚುಕಡಿಮೆ 6 ಅಡಿ ಉದ್ದ, 3 ಅಡಿ ಅಗಲ. ಲೆಕ್ಕ ನೀನೇ ಹಾಕು. ಹಾಸಿಗೆ ಬಿಡಿಸಿದ ಮೇಲೆ ಪೆಟ್ಟಿಗೆ ತೆರೆಯಲು ಜಾಗವಿಲ್ಲ.

ಹಣ ಮೊದಲೇ ಕೊಡಬೇಕು. ಹಾಸಿಗೆಯನ್ನು ನಾವೇ ಹಾಸಿ, ನಾವೇ ಮಡಚಬೇಕು. ಟವೆಲಿಗೂ ಬಾಡಿಗೆ! ಮೆಜೆಸ್ಟಿಕ್ಕಿನ ಲಾಡ್ಜಿನಲ್ಲಿ ಕಾಫಿ ತರಲು ಹುಡುಗನನ್ನು ಕೂಗುತ್ತಿದ್ದೆವಲ್ಲ, ಇಲ್ಲಿ ಕೂಗಿದರೆ ಪಕ್ಕದ ಕೋಣೆಯವರು ಗೋಡೆ ತಟ್ಟುತ್ತಾರೆ, ಅಷ್ಟೇ. ಕಾಫಿಗೆ ಕೆಳಗೊಂದು ಯಂತ್ರವಿದೆ. ಕೆಂಪು ಗುರುತಿನ ಡಬ್ಬಿ ಬಿಸಿ, ನೀಲಿಯದು ತಣ್ಣಗೆ. ಮೊದಲ ರಾತ್ರಿಯ ಚಳಿಯಲ್ಲಿ ನಾನು ಒತ್ತಿದ್ದು ನೀಲಿಯನ್ನು.

ಕೋಣೆಯ ಫೋಟೊ ಕಳಿಸಿ ನಿನ್ನನ್ನು ನಗಿಸಬೇಕೆಂದಿದ್ದೆ, ಮನಸ್ಸಾಗಲಿಲ್ಲ. ಇದು ಕಾಮಾಗಾಸಾಕಿ, ದಿನಗೂಲಿಗಳ ಬೀಡು. 1970ರ ವಿಶ್ವ ಪ್ರದರ್ಶನದ ಕಟ್ಟಡ ಕೆಲಸಕ್ಕೆ ಊರೂರುಗಳಿಂದ ಬಂದ ಗಂಡಸರು ಇಂಥ ಕೋಣೆಗಳಲ್ಲಿ ತುಂಬಿಕೊಂಡಿದ್ದರು. ತಂಗುವ ಮನೆಗೆ ಜಪಾನಿಯಲ್ಲಿ ‘ಯಾದೊ’ ಎನ್ನುತ್ತಾರೆ. ಇವಕ್ಕೆ ಆ ಪದವನ್ನೇ ತಿರುವಿ ‘ದೊಯಾ’ ಎಂದು ಹೆಸರಿಟ್ಟರು. ಕೂಲಿ ಕೆಲಸ ಕುಗ್ಗಿ ಕೋಣೆಗಳು ಖಾಲಿಯಾದ ಮೇಲೆ ಕೆಲವು ಮಾಲೀಕರು ನಮ್ಮಂಥ ಪ್ರವಾಸಿಗಳಿಗೆ ಬಾಗಿಲು ತೆರೆದರು. ಆಗಿನ ಕೂಲಿಗಳಲ್ಲಿ ಉಳಿದವರು ಈಗ ಮುದುಕರು, ಬೆಳಿಗ್ಗೆ ಬೀದಿಯಂಚಿನಲ್ಲಿ ಸುಮ್ಮನೆ ಕುಳಿತಿರುತ್ತಾರೆ.

ಸ್ನಾನದ ಮನೆಯ ವಿಷಯ ಹೇಳದಿದ್ದರೆ ನನಗೆ ನಿದ್ದೆ ಬಾರದು. ಎಲ್ಲರಿಗೂ ಒಂದೇ ತೊಟ್ಟಿ, ಸಂಜೆ ಐದರಿಂದ ರಾತ್ರಿ ಹನ್ನೊಂದರವರೆಗೆ, ಎಲ್ಲರೂ ಬತ್ತಲೆ. ನಾನು ಚಡ್ಡಿಯಲ್ಲೇ ಹೊರಟಿದ್ದೆ. ಬಾಗಿಲಲ್ಲಿದ್ದ ಅಜ್ಜ ಒಬ್ಬರು ಬೆರಳಾಡಿಸಿ ‘ಬೇಡ’ ಎಂದರು. ನಾಚಿಕೆಯನ್ನು ಬಟ್ಟೆಯ ಜೊತೆಗೇ ಬುಟ್ಟಿಗೆ ಹಾಕಿದೆ. ಮೊದಲು ಪುಟ್ಟ ಮಣೆಯ ಮೇಲೆ ಕುಳಿತು ಸೋಪು ಹಚ್ಚಿ ಪೂರ್ತಿ ತೊಳೆದುಕೊಳ್ಳಬೇಕು. ತೊಟ್ಟಿ ಇರುವುದು ಮೈ ಕಾಯಿಸಿಕೊಳ್ಳಲು ಮಾತ್ರ. ಅದರಲ್ಲಿ ಟವೆಲನ್ನೂ ಅದ್ದಬಾರದು. ನಾನು ಅದ್ದಿದೆ. ಅಜ್ಜ ಅದನ್ನು ಹಿಂಡಿ, ಮಡಚಿ, ನನ್ನ ತಲೆಯ ಮೇಲೆಯೇ ಇಟ್ಟರು. ಹಂಡೆ ನೀರಿನ ಅಭ್ಯಂಜನ ಕಂಡ ಮೈ ನನ್ನದು, ಆದರೂ ಎರಡು ನಿಮಿಷಕ್ಕೆ ಮೇಲೆದ್ದೆ. ಅಜ್ಜ ಕಣ್ಣು ಮುಚ್ಚಿ ಕೂತೇ ಇದ್ದರು.

ಏಪ್ರಿಲ್‌ನಲ್ಲಿ ನೀನು ಬರುವುದಾದರೆ ಇಲ್ಲೇ ಪಕ್ಕದ ಕೋಣೆ ಹಿಡಿಯುತ್ತೇನೆ. ವಿಮಾನ ನಿಲ್ದಾಣದಿಂದ ನಾಂಕಾಯ್ ರೈಲು ಹತ್ತಿದರೆ ನೇರ ಇಲ್ಲಿಗೇ ಬರುತ್ತದೆ. ಬರುವಾಗ ಎರಡು ಚೌಕ ತಾ, ಟವೆಲಿನ ಬಾಡಿಗೆ ಉಳಿಯುತ್ತದೆ.

ನಿನ್ನ ಗೆಳೆಯ