ಕತ್ತಿನ ಕೆಳಗಿನ ಫ್ರೀಡಾ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಮೆಕ್ಸಿಕೊದ ಚಿತ್ರಕಲಾವಿದೆ ಫ್ರೀಡಾ ಕಾಹ್ಲೊ ಅವರನ್ನು ಕುರಿತು ಬಂದ ಲೇಖನವನ್ನು ಓದಿದೆ. ಅವರನ್ನು ಕನ್ನಡದ ಓದುಗರಿಗೆ ಪರಿಚಯಿಸಿದ್ದಕ್ಕಾಗಿ ನಿಮಗೆ ಕೃತಜ್ಞಳಾಗಿದ್ದೇನೆ. ಆದರೆ ಅವರು ಬಣ್ಣಗಳಿಂದಲೇ ನೋವನ್ನು ಗುಣಪಡಿಸಿಕೊಂಡರೆಂದು ಸಾರುವ ತಲೆಬರಹವೂ, ಜೊತೆಗೆ ಅಚ್ಚಾದ ವರ್ಣಚಿತ್ರವನ್ನು ಕತ್ತಿನವರೆಗೆ ಮಾತ್ರ ಉಳಿಸಿಕೊಂಡು ಕೆಳಗಿನದನ್ನೆಲ್ಲ ಕತ್ತರಿಸಿ ಹಾಕಿದ್ದೂ ಒಂದೇ ತಪ್ಪಿನ ಎರಡು ರೂಪಗಳೆಂದು ನನಗೆ ತೋರಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನೀವು ಕತ್ತರಿಸಿದ್ದು 1944ರ ‘ಮುರಿದ ಕಂಬ’ ಎಂಬ ಚಿತ್ರವನ್ನು. ಅದರಲ್ಲಿ ಫ್ರೀಡಾ ಅವರ ಎದೆಯೂ ಹೊಟ್ಟೆಯೂ ಮೇಲಿಂದ ಕೆಳಕ್ಕೆ ಸೀಳಿಕೊಂಡಿದ್ದು, ಬೆನ್ನೆಲುಬು ಇರಬೇಕಾದ ಕಡೆ ಹಲವು ಕಡೆ ಬಿರುಕು ಬಿಟ್ಟ ಗ್ರೀಕ್ ಶೈಲಿಯ ಕಲ್ಲಿನ ಕಂಬವೊಂದು ಗದ್ದದವರೆಗೆ ನಿಂತಿದೆ. ಸೀಳಿದ ಮೈ ಬೇರೆಬೇರೆಯಾಗದಂತೆ ಬಿಳಿಯ ಪಟ್ಟಿಗಳ ಕವಚವೊಂದು ಬಿಗಿಹಿಡಿದಿದೆ. ಮುಖಕ್ಕೂ ಮೈಗೂ ಮೊಳೆಗಳನ್ನು ಹೊಡೆಯಲಾಗಿದೆ. ಹಿಂದಿನ ನೆಲವೂ ಬರಗಾಲದ ಹೊಲದಂತೆ ಬಾಯ್ಬಿಟ್ಟಿದೆ. ಕೆನ್ನೆಯ ಮೇಲೆ ಕಣ್ಣೀರಿನ ಹನಿಗಳಿದ್ದರೂ ಮುಖ ಅಳುತ್ತಿಲ್ಲ, ನೋಟ ನೇರವಾಗಿ ನಮ್ಮ ಮೇಲೆಯೇ ಇದೆ. ನಿಮ್ಮ ಪುಟದಲ್ಲಿ ಉಳಿದದ್ದು ಆ ನೋಟವಷ್ಟೆ; ಮುಖದ ಮೇಲಿನ ಸಣ್ಣ ಮೊಳೆಗಳೂ ಅಚ್ಚಿನ ದೋಷದಿಂದ ಬಿದ್ದ ಚುಕ್ಕೆಗಳೋ ಎಂಬಂತೆ ಕಾಣುತ್ತಿದ್ದವು.

ಗುಣವಾಯಿತೆನ್ನುವ ಮಾತನ್ನು ಅವರ ಬದುಕಿನ ಮುಂದಿಟ್ಟು ನೋಡೋಣ. 1925ರ ಸೆಪ್ಟೆಂಬರ್ 17ರಂದು ಮೆಕ್ಸಿಕೊ ನಗರದಲ್ಲಿ ಅವರು ಕುಳಿತಿದ್ದ ಬಸ್ಸಿಗೆ ಟ್ರಾಮ್ ಗಾಡಿ ಡಿಕ್ಕಿ ಹೊಡೆದಾಗ ಅವರಿಗೆ ಹದಿನೆಂಟು ವರ್ಷ. ಬಸ್ಸಿನ ಕಬ್ಬಿಣದ ಸರಳು ಸೊಂಟದ ಭಾಗವನ್ನು ತೂರಿಕೊಂಡು ಹೋಯಿತು. ಬೆನ್ನೆಲುಬೂ ಬಲಗಾಲೂ ಮುರಿದವು. ಮಲಗಿದಲ್ಲಿಯೇ ಚಿತ್ರ ಬರೆಯಲು ಅನುಕೂಲವಾಗಲೆಂದು ತಾಯಿ ವಿಶೇಷವಾದ ಈಸೆಲ್ (ಚಿತ್ರವನ್ನು ಆನಿಸಿಡುವ ಚೌಕಟ್ಟು) ಒಂದನ್ನು ಮಾಡಿಸಿಕೊಟ್ಟು, ಮಂಚದ ಮೇಲ್ಚಾವಣಿಗೆ ಕನ್ನಡಿ ಹಾಕಿಸಿದ ಕಥೆ ನಿಮ್ಮ ಲೇಖನದಲ್ಲಿಯೂ ಬಂದಿದೆ. ಅನಂತರದ ವರ್ಷಗಳನ್ನು ಮಾತ್ರ ಲೇಖನ ಹಾರಿಸಿಬಿಟ್ಟಿದೆ. 1946ರಲ್ಲಿ ನ್ಯೂಯಾರ್ಕಿನಲ್ಲಿ ಬೆನ್ನೆಲುಬಿನ ಶಸ್ತ್ರಚಿಕಿತ್ಸೆ ನಡೆಯಿತು. 1950ರಲ್ಲಿ ವರ್ಷದ ಬಹುಭಾಗ ಆಸ್ಪತ್ರೆಯಲ್ಲಿಯೇ ಕಳೆಯಿತು. 1953ರಲ್ಲಿ ಬಲಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಮರುವರ್ಷ ಜುಲೈ 13ರಂದು, ನಲವತ್ತೇಳನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಇಷ್ಟೂ ಕಾಲ ಅವರು ಚಿತ್ರ ಬರೆಯುತ್ತಲೇ ಇದ್ದರು. ಚಿತ್ರವೇ ಮದ್ದಾಗಿದ್ದರೆ ಅದು ಬಹಳ ಕೆಟ್ಟ ಮದ್ದು ಎಂದೇ ಹೇಳಬೇಕಾಗುತ್ತದೆ.

ಹಾಗಾದರೆ ಆ ಚಿತ್ರಗಳು ಏನು ಮಾಡುತ್ತಿದ್ದವು? ಇದಕ್ಕೆ ಉತ್ತರ ಅವರ ನಾಡಿನ ಒಂದು ಸಂಪ್ರದಾಯದಲ್ಲಿದೆ; ಅದನ್ನು ಅರ್ಥಮಾಡಿಕೊಳ್ಳುವುದು ನಮಗೆ ಕಷ್ಟವಾಗಬಾರದು. ಕಣ್ಣು ಬೇನೆಯಾದವರು ಬೆಳ್ಳಿಯ ತಗಡಿನಲ್ಲಿ ಕಣ್ಣು ಮಾಡಿಸಿ, ಕಾಲು ಮುರಿದವರು ಕಾಲು ಮಾಡಿಸಿ ದೇವರಿಗೆ ಒಪ್ಪಿಸುವ ಹರಕೆಯನ್ನು ನಾವೆಲ್ಲ ಕಂಡಿದ್ದೇವೆ. ಮೆಕ್ಸಿಕೊದ ಕ್ರೈಸ್ತ ಭಕ್ತರಲ್ಲಿಯೂ ಅಂಥ ಪುಟ್ಟ ಲೋಹದ ಅಂಗಗಳ ಹರಕೆಯಿದೆ. ಅದರ ಜೊತೆಗೆ ಅಪಘಾತದಿಂದಲೋ ಕಾಯಿಲೆಯಿಂದಲೋ ಪಾರಾದವರು ಆ ಪ್ರಸಂಗವನ್ನೇ ತಗಡಿನ ಮೇಲೆ ಚಿತ್ರವಾಗಿ ಬರೆಸಿ, ಮೇಲೆ ಕಾಪಾಡಿದ ಸಂತರನ್ನು ಕೂರಿಸಿ, ಕೆಳಗೆ ಎರಡು ಸಾಲು ಕೃತಜ್ಞತೆ ಬರೆಸಿ ಚರ್ಚಿನಲ್ಲಿ ತೂಗುಹಾಕುತ್ತಾರೆ. ಫ್ರೀಡಾ ಮತ್ತು ಅವರ ಪತಿ ಡಿಯೇಗೊ ರಿವೇರಾ ಇಂಥ ತಗಡುಗಳನ್ನು ನೂರಾರು ಸಂಖ್ಯೆಯಲ್ಲಿ ಕೂಡಿಟ್ಟಿದ್ದರು. ಬಸ್ಸಿಗೆ ಟ್ರಾಮ್ ಡಿಕ್ಕಿ ಹೊಡೆದ ಯಾರದೋ ಹಳೆಯ ಹರಕೆ ಚಿತ್ರವೊಂದು ಕೈಗೆ ಸಿಕ್ಕಾಗ, ಬಸ್ಸಿನ ಹಣೆಪಟ್ಟಿಯ ಮೇಲೆ ತಮ್ಮ ಊರಾದ ಕೊಯೊವಕಾನ್ ಎಂಬ ಹೆಸರನ್ನು ಬರೆದು, ಬಿದ್ದಿದ್ದ ಹುಡುಗಿಗೆ ತಮ್ಮವೇ ಕೂಡುಹುಬ್ಬುಗಳನ್ನು ತಿದ್ದಿ, ಅದನ್ನು ಅವರು ತಮ್ಮದನ್ನಾಗಿ ಮಾಡಿಕೊಂಡರು. ನನಗೆ ಅವರ ದೊಡ್ಡ ಚಿತ್ರಗಳಿಗಿಂತ ಈ ಕಿಲಾಡಿತನವೇ ಹೆಚ್ಚು ಪ್ರಿಯ.

1932ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಗರ್ಭಪಾತವಾದಾಗ ಅವರು ಬರೆದ ‘ಹೆನ್ರಿ ಫೋರ್ಡ್ ಆಸ್ಪತ್ರೆ’ಯೂ ತಗಡಿನ ಮೇಲಿನ ಚಿತ್ರವೇ, ಸುಮಾರು ಒಂದು ಅಡಿ ಎತ್ತರದ್ದು. ರಕ್ತದ ಕಲೆಯಾದ ಹಾಸಿಗೆಯ ಮೇಲೆ ಬೆತ್ತಲೆ ಮಲಗಿದ ಹೆಂಗಸಿನ ಕೈಯಿಂದ ಕೆಂಪು ಎಳೆಗಳು ಹೊರಟು ಭ್ರೂಣಕ್ಕೆ, ಬಸವನಹುಳುವಿಗೆ, ಸೊಂಟದ ಮೂಳೆಗೆ, ಒಂದು ಯಂತ್ರಕ್ಕೆ, ಒಂದು ಆರ್ಕಿಡ್ ಹೂವಿಗೆ ಅಂಟಿಕೊಂಡಿವೆ, ದಿಗಂತದಲ್ಲಿ ಕಾರ್ಖಾನೆಗಳಿವೆ. ತಗಡು ಹರಕೆಯದೇ, ಅಳತೆಯೂ ಹರಕೆಯದೇ; ಆದರೆ ಮೇಲೆ ಸಂತರಿಲ್ಲ, ಕೆಳಗೆ ಕೃತಜ್ಞತೆಯ ಸಾಲಿಲ್ಲ. ಹರಕೆ ಈಡೇರದವಳು ಕಟ್ಟಿದ ಹರಕೆ ತಗಡು ಅದು. ಆಕೆ ಗುಣವಾದಳೆಂದು ನಾವು ಹೇಳಿಬಿಟ್ಟರೆ, ಅವರು ಬೇಕೆಂದೇ ಖಾಲಿ ಬಿಟ್ಟ ಜಾಗದಲ್ಲಿ ನಾವೇ ಒಬ್ಬ ಸಂತರನ್ನು ಕೂರಿಸಿದಂತಾಗುತ್ತದೆ.

ಅವರು ಕೃತಜ್ಞತೆ ಹೇಳಲೇ ಇಲ್ಲವೆಂದಲ್ಲ. ಬೆನ್ನೆಲುಬಿಗೆ ಏಳು ಬಾರಿ ಶಸ್ತ್ರಚಿಕಿತ್ಸೆ ಮಾಡಿದ ಡಾ. ಹುವಾನ್ ಫಾರಿಲ್ ಅವರ ಚಿತ್ರವನ್ನು 1951ರಲ್ಲಿ ಬರೆದು, ಅದರ ಪಕ್ಕದಲ್ಲಿ ಗಾಲಿಕುರ್ಚಿಯ ಮೇಲೆ ತಾವು ಕುಳಿತಿರುವಂತೆ ತೋರಿಸಿದರು. ಸಂತರು ಇರಬೇಕಾದ ಕಡೆ ವೈದ್ಯರ ಮುಖ. ಫ್ರೀಡಾ ಅವರ ಕೈಯಲ್ಲಿ ಬಣ್ಣದ ಹಲಗೆಯ ಬದಲಿಗೆ ಅವರದೇ ಹೃದಯವಿದೆ, ಕುಂಚಗಳ ತುದಿಯಿಂದ ರಕ್ತ ತೊಟ್ಟಿಕ್ಕುತ್ತಿದೆ. ಉಳಿಸಿದ್ದು ವೈದ್ಯರು, ಬಣ್ಣ ಬಂದದ್ದು ಹೃದಯದಿಂದ ಎಂದು ಅವರೇ ಬೇರೆಬೇರೆ ಮಾಡಿ ತೋರಿಸಿರುವಾಗ ಎರಡನ್ನೂ ಕಲಸುವ ಅಗತ್ಯ ನಮಗೇಕೆ?

ಇದನ್ನು ಪುಸ್ತಕ ಓದಿ ಮಾತ್ರ ಹೇಳುತ್ತಿಲ್ಲ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಚಿತ್ರಕಲೆ ಕಲಿಸಿದ ನಾನು, ಮಾಳಿಗೆಯ ಮೆಟ್ಟಿಲಿನಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡು, ಎದೆಯಿಂದ ಸೊಂಟದವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಮೂರು ತಿಂಗಳು ಮಲಗಿದ್ದೆ. ನೋಡಲು ಬಂದವರೊಬ್ಬರು ನೋವು ಮರೆಯಲೆಂದು ಜಲವರ್ಣದ ಪೆಟ್ಟಿಗೆ ತಂದುಕೊಟ್ಟರು. ಅಂಗಾತ ಮಲಗಿ ಬರೆಯಹೊರಟರೆ ಬಣ್ಣದ ನೀರು ಮಣಿಕಟ್ಟಿನಿಂದ ಇಳಿದು ಮೊಣಕೈ ಸೇರುತ್ತಿತ್ತು; ಬಾಲ್‌ಪೆನ್ ಮೇಲ್ಮುಖವಾಗಿ ನಾಲ್ಕು ಗೆರೆ ಎಳೆದು ನಿಂತುಬಿಡುತ್ತಿತ್ತು; ಕೊನೆಗೆ ಉಳಿದದ್ದು ಪೆನ್ಸಿಲ್ ಒಂದೇ. ಬಲಗಡೆಯ ಸೊಂಟದಲ್ಲಿ ಉರಿಯುತ್ತದೆ ಎಂದು ನಾನು ಹತ್ತು ದಿನ ಹೇಳಿದರೂ ಆ ಆಸ್ಪತ್ರೆಯಲ್ಲಿ ಯಾರೂ ಬಗ್ಗಿ ನೋಡಿರಲಿಲ್ಲ. ಪ್ಲಾಸ್ಟರ್ ಎಂದರೆ ಅಷ್ಟು ಇದ್ದೇ ಇರುತ್ತದೆ ಎಂಬುದೇ ಉತ್ತರ. ಬೇಸತ್ತು ನನ್ನ ಮೈಯ ಗೆರೆಚಿತ್ರ ಬರೆದು, ಉರಿಯುವ ಜಾಗವನ್ನು ಪೆನ್ಸಿಲಿನಿಂದ ಕಪ್ಪಗೆ ತಿಕ್ಕಿ, ಹಾಳೆಯನ್ನು ದಿಂಬಿನ ಪಕ್ಕ ಇಟ್ಟೆ. ರಾತ್ರಿ ಪಾಳಿಯ ನರ್ಸ್ ಅದನ್ನು ನೋಡಿ ಟಾರ್ಚ್ ಹಿಡಿದು ಪ್ಲಾಸ್ಟರಿನ ಅಂಚಿನೊಳಗೆ ಇಣುಕಿದಾಗ, ಅಂಚು ಒತ್ತಿ ಒತ್ತಿ ಚರ್ಮ ಸುಲಿದು ಹುಣ್ಣಾಗಿದ್ದು ಕಂಡಿತು. ಮರುದಿನ ಅಂಚನ್ನು ಕತ್ತರಿಸಿ ಮುಲಾಮು ಹಚ್ಚಿದರು. ಗುಣಪಡಿಸಿದ್ದು ಗರಗಸ ಮತ್ತು ಮುಲಾಮು; ಬಾಯಿಮಾತಿಗೆ ಸಿಗದ ನಂಬಿಕೆ ಸಿಕ್ಕಿದ್ದು ಮಾತ್ರ ಚಿತ್ರಕ್ಕೆ.

ಆರ್ಟ್ ಥೆರಪಿ, ಅಂದರೆ ಚಿತ್ರ ಬರೆಸುವ ಮೂಲಕ ರೋಗಿಗೆ ನೆರವಾಗುವ ವಿಧಾನ, ಸುಳ್ಳೆಂಬುದು ನನ್ನ ವಾದವಲ್ಲ. 1938ರಲ್ಲಿ ಕ್ಷಯರೋಗದಿಂದ ಸ್ಯಾನಟೋರಿಯಂ (ಕ್ಷಯರೋಗಿಗಳ ಆರೈಕೆಯ ಆಸ್ಪತ್ರೆ) ಸೇರಿದ ಬ್ರಿಟಿಷ್ ಚಿತ್ರಕಾರ ಏಡ್ರಿಯನ್ ಹಿಲ್, ಹಾಸಿಗೆಯಲ್ಲಿಯೇ ಬರೆಯುತ್ತಾ, ಜೊತೆಯ ರೋಗಿಗಳನ್ನೂ ಬರೆಯಲು ಹಚ್ಚಿ, 1942ರಲ್ಲಿ ಆ ಹೆಸರನ್ನು ಬಳಕೆಗೆ ತಂದರು. ಇಂದು ಅದಕ್ಕೆ ತರಬೇತಿಯೂ ತಜ್ಞರೂ ಇದ್ದಾರೆ. ಅಲ್ಲಿ ಚಿತ್ರ ಚೆನ್ನಾಗಿ ಬರಬೇಕಾಗಿಲ್ಲ, ಪ್ರದರ್ಶನಕ್ಕೆ ಹೋಗಬೇಕಾಗಿಯೂ ಇಲ್ಲ. ಅದು ಚಿಕಿತ್ಸೆಯ ಜೊತೆಗೆ ನಡೆಯುವ ಕೆಲಸವೇ ಹೊರತು ಚಿಕಿತ್ಸೆಯನ್ನು ಬಿಡಿಸುವಂಥದ್ದಲ್ಲ. ಎರಡು ದಿನದ ಶಿಬಿರದಲ್ಲಿ ಖಿನ್ನತೆ ಕಳೆಯುತ್ತೇವೆಂದು ಫ್ರೀಡಾ ಅವರ ಮುಖವನ್ನು ಕರಪತ್ರದ ಮೇಲೆ ಅಚ್ಚು ಹಾಕಿಸುವವರಿಗೆ ನಿಮ್ಮ ತಲೆಬರಹ ಬಹಳ ಉಪಯೋಗಕ್ಕೆ ಬರುತ್ತದೆ ಎಂಬುದಷ್ಟೇ ನನ್ನ ಆತಂಕ.

ಆದ್ದರಿಂದ ಮುಂದಿನ ಭಾನುವಾರ ‘ಮುರಿದ ಕಂಬ’ವನ್ನು ಕತ್ತರಿಸದೆ, ವರ್ಷ ಮತ್ತು ಅಳತೆಯ ಸಮೇತ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಜಾಗದ ಕೊರತೆಯ ಮಾತು ಬರಲಾರದು. ಮೂಲಚಿತ್ರದ ಎತ್ತರ ಸುಮಾರು 40 ಸೆಂ.ಮೀ., ಅಗಲ 30 ಸೆಂ.ಮೀ.; ನಿಮ್ಮ ಪತ್ರಿಕೆಯ ಒಂದು ಪುಟದಲ್ಲಿ ಅದನ್ನು ಅಳತೆಗೆ ಅಳತೆಯಾಗಿಯೇ ಅಚ್ಚು ಹಾಕಬಹುದು.

ಇಂತಿ,
ಒಬ್ಬ ನಿವೃತ್ತ ಚಿತ್ರಕಲಾ ಶಿಕ್ಷಕಿ
ಧಾರವಾಡ