ಮಗಳಿಗೊಂದು ಪತ್ರ: ‘ನನಗೇನೂ ಬೇಡ’ ಎನ್ನುವ ಮೊದಲು

ಪ್ರೀತಿಯ ಕೂಸೇ,

ವಿಲ್ ಮಾಡಿಸುವ ವಿಚಾರ ತೆಗೆದ ಕೂಡಲೇ ನೀನು ಫೋನಿನಲ್ಲಿ, "ಈಗ ಅದೆಲ್ಲ ಎಂತಕ್ಕೆ ಆಯಿ" ಎಂದು ಮಾತು ಬದಲಿಸಿಬಿಟ್ಟೆ. ನಿನ್ನ ಸಂಕಟ ನನಗೆ ತಿಳಿಯುತ್ತದೆ. ಆದರೆ ಇದು ನಾವಿಬ್ಬರೂ ಗಟ್ಟಿಮುಟ್ಟಾಗಿ ಇರುವಾಗಲೇ ಮಾಡುವ ಕೆಲಸ. ಆಸ್ಪತ್ರೆಯ ಮಂಚದ ಮೇಲೆ ಹಾಕಿದ ಸಹಿಗೆ ನಾಳೆ ಯಾರಾದರೂ ತಕರಾರು ತೆಗೆಯಬಹುದು. ಶಿರಸಿ ಪೇಟೆಯಲ್ಲಿ ಒಬ್ಬ ವಕೀಲರನ್ನು ನೋಡಿ ಬಂದಿದ್ದೇವೆ. ದೀಪಾವಳಿಗೆ ನೀನು, ತಮ್ಮ ಬಂದಾಗ ಎಲ್ಲರನ್ನೂ ಕೂರಿಸಿಕೊಂಡು ಮಾತಾಡುತ್ತೇನೆ ಎಂದಿದ್ದಾರೆ. ಅಲ್ಲಿ ಏನೇನು ಕೇಳುತ್ತಾರೆ ಎಂದು ನಿನಗೆ ಮೊದಲೇ ಗೊತ್ತಿರಲಿ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. "ನಿನಗೇನು ಬೇಕಮ್ಮಾ" ಎಂದು ಅವರು ಕೇಳಿದಾಗ, "ನನಗೇನೂ ಬೇಡ, ಎಲ್ಲ ತಮ್ಮನಿಗೇ ಇರಲಿ" ಎಂದು ಸುಮ್ನೆ ಮರ್ಯಾದೆಗೆ ಹೇಳಬೇಡ. ಯೋಚನೆ ಮಾಡಿದ ಮೇಲೂ ಬೇಡ ಅನಿಸಿದರೆ ಆಗ ಹೇಳು.

ಕುಮಟೆಯ ನಿನ್ನ ಅತ್ತೆ ಹಾಗೇ ಹೇಳಿದ್ದರು. ಅಜ್ಜ ಹೋದ ಮೇಲೆ ಹಿಸೆಯ ಮಾತು ಬಂತು. ಅವರು ಬೇಡ ಎಂದರು, ಎಲ್ಲರೂ ಹೌದು ಎಂದರು, ಪಹಣಿಯಲ್ಲಿ ಅಪ್ಪನ ಹೆಸರು ಕೂತಿತು. ಬಹಳ ವರ್ಷ ಕಳೆದ ಮೇಲೆ ಒಂದು ಸಲ ಅಡುಗೆಮನೆಯಲ್ಲಿ ಕೂತು ನನ್ನ ಹತ್ತಿರ ಹೇಳಿದರು: "ಬಂದಾಗ ಉಳಿಯಲಿಕ್ಕೆ ನನ್ನದು ಅಂತ ಒಂದು ಕೋಣೆ ಇದ್ದಿದ್ದರೆ ಸಾಕಾಗಿತ್ತು ಅತ್ತಿಗೆ." ಅದನ್ನು ಅವತ್ತು ಯಾರೂ ಕೇಳಿರಲಿಲ್ಲ. ಒಂದು ಕೋಣೆಯಲ್ಲಿ ವಾಸ ಮಾಡುವ ಹಕ್ಕನ್ನು ಕಾಗದದಲ್ಲಿ ಬರೆಯುವುದು ವಕೀಲರಿಗೆ ಕಷ್ಟದ ಕೆಲಸವೇ ಅಲ್ಲ.

ಈಗ ವಕೀಲರು ಅಪ್ಪನಿಗೆ ಮೊದಲು ಕೇಳಿದ್ದೇ, "ನಿಮ್ಮ ತಂಗಿಯ ಸಹಿ ಎಲ್ಲಿದೆ?" ಬಾಯಿಮಾತಿನಲ್ಲಿ ಬೇಡ ಎಂದರೆ ಹಕ್ಕು ಹೋಗುವುದಿಲ್ಲವಂತೆ. ಹಕ್ಕು ಬಿಡುಗಡೆ ಪತ್ರ ನೋಂದಣಿ ಆಗಿರಬೇಕು. ಹಾಗಾಗಿ ಅಪ್ಪ ಕುಮಟೆಗೆ ಹೋಗಿ ಅತ್ತೆಯನ್ನು ಮತ್ತೆ ಕೇಳುವವರಿದ್ದಾರೆ. ನಾನೂ ಜೊತೆಗೆ ಹೋಗುತ್ತೇನೆ. ಅವರಿಗೆ ಕೊಡಬೇಕಾದ್ದನ್ನು ಕೊಟ್ಟೇ ನಮ್ಮ ವಿಲ್ ಬರೆಯಬೇಕು ಎಂಬುದು ನನ್ನ ಹಟ.

ನಿನ್ನ ಪಾಲಿನ ವಿಷಯ ಇನ್ನೂ ಸ್ಪಷ್ಟ ಇದೆ. 2005ರ ಸೆಪ್ಟೆಂಬರ್ 9ರಿಂದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು, ಅದೂ ಹುಟ್ಟಿನಿಂದ. ಮದುವೆ ಆಯಿತು ಎಂದು ಅದು ಹೋಗುವುದಿಲ್ಲ. 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿ ಮಾಡಿತು. ಆದ್ದರಿಂದ ಹಿಂದಿನಿಂದ ಬಂದ ತೋಟದಲ್ಲಿ ಅಪ್ಪ ವಿಲ್ ಬರೆಯಬಹುದಾದ್ದು ಅವರದೇ ಪಾಲಿಗೆ ಮಾತ್ರ. ನಿನ್ನ ಪಾಲನ್ನು ಬೇರೆಯವರಿಗೆ ಬರೆಯಲು ಅವರಿಗೂ ಆಗುವುದಿಲ್ಲ. ಪೇಟೆಯಲ್ಲಿ ನನ್ನ ಸಂಬಳದಿಂದ ಕೊಂಡ ಸೈಟು ಮಾತ್ರ ಪೂರ್ತಿ ನನ್ನದು, ಅದು ಯಾರಿಗೆ ಎಂದು ನಾನೇ ಬರೆಯಬಹುದು.

ಮೊದಲನೇ ಸಲ ಹೋದಾಗ ವಕೀಲರು ಕಾನೂನು ಮಾತಾಡಿದ್ದು ಸ್ವಲ್ಪ, ಕೇಳಿದ್ದು ಜಾಸ್ತಿ. ಒಂದು ಹಾಳೆಯಲ್ಲಿ ವಂಶವೃಕ್ಷ ಬರೆದುಕೊಂಡರು. ಸೊಸೈಟಿಯಲ್ಲಿ ಠೇವಣಿ ಎಷ್ಟು, ಬೆಳೆಸಾಲ ಎಷ್ಟು ಎಂದು ಕೇಳಿದರು. ಅಪ್ಪ ಯಾರ್‍ಯಾರ ಸಾಲಕ್ಕೆ ಜಾಮೀನು ಹಾಕಿದ್ದಾರೆ ಎಂದೂ ಕೇಳಿದರು. ಆ ಪ್ರಶ್ನೆಗೆ ಉತ್ತರ ನನಗೂ ಅಲ್ಲಿಯೇ ಗೊತ್ತಾದದ್ದು! ಆಮೇಲೆ ಅಪ್ಪನನ್ನು ಹೊರಗೆ ಕೂರಿಸಿ ನನ್ನೊಬ್ಬಳನ್ನೇ ಮಾತಾಡಿಸಿದರು. ಅಪ್ಪ ಮೊದಲು ಹೋದರೆ ನಾನು ಎಲ್ಲಿ ಇರಬೇಕು ಅಂದುಕೊಂಡಿದ್ದೇನೆ, ನನ್ನ ಖರ್ಚಿಗೆ ಏನು ದಾರಿ ಎಂದು ಕೇಳಿದರು. ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ ಕೂಸೇ. ಒಳ್ಳೆಯ ಸಲಹೆಗಾರ ಹೌದೋ ಅಲ್ಲವೋ ಎಂದು ನಾನು ನೋಡುವುದು ಇದರಲ್ಲೇ. ಮನೆಯಲ್ಲಿ ದನಿ ಸಣ್ಣದಾಗಿರುವವರನ್ನು ಅವರು ಬೇರೆಯಾಗಿ ಕೇಳುತ್ತಾರೋ ಇಲ್ಲವೋ ಎಂಬುದರಲ್ಲಿ.

ತೋಟದ ಕಾಗದ ನೋಡುವಾಗ ಬೆಟ್ಟದ ಮಾತು ಬಂತು. ನಾವು ತೋಟಕ್ಕೆ ಸೊಪ್ಪು ತರುವ ಕಾಡು, ಆ ಸೊಪ್ಪಿನಬೆಟ್ಟದ ಒಡೆತನ ನಮ್ಮದಲ್ಲ. ಸೊಪ್ಪು, ಒಣ ಎಲೆಯ ದರಕು ತರುವ ಹಕ್ಕು ತೋಟದ ಜೊತೆಗೆ ಬಂದದ್ದು. ತೋಟ ಇಬ್ಬರಿಗೆ ಹಿಸೆ ಆದರೆ ಬೆಟ್ಟ ಹೇಗೆ ಬಳಸುವುದು ಎಂದು ಈಗಲೇ ಮಾತಾಡಿಕೊಳ್ಳಿ ಎಂದರು. ಅದರ ಅಂಚಿನಲ್ಲಿ ಅಜ್ಜ ಅಡಿಕೆ ಹಾಕಿದ ತುಂಡು ಅತಿಕ್ರಮಣದ್ದು. ಅದನ್ನು ಸ್ವಂತ ಒಡೆತನದ ಮಾಲ್ಕಿ ಜಮೀನಿನ ಹಾಗೆ ವಿಲ್‌ನಲ್ಲಿ ಬರೆಯಲು ಅವರು ಒಪ್ಪಲಿಲ್ಲ. ಅಪ್ಪನಿಗೆ ಬೇಸರ ಆಯಿತು, ಆದರೆ ಇಲ್ಲ ಎನ್ನುವ ವಕೀಲರೇ ನನಗೆ ಬೇಕು. ಇನ್ನು ಒಂದೇ ಸರ್ವೆ ನಂಬರನ್ನು ತುಂಡು ಮಾಡಿ ಹಿಸೆ ಪತ್ರ ನೋಂದಣಿ ಮಾಡಿಸಬೇಕಾದರೆ 11ಇ ನಕ್ಷೆ, ಎಂದರೆ ಸರ್ವೆಯವರು ತುಂಡುಗಳನ್ನು ಅಳೆದು ಕೊಡುವ ನಕ್ಷೆ ಬೇಕು. ಸರ್ವೆಯವರು ಬಂದು ಅಳೆಯುವ ತನಕ ಕಾಯಬೇಕು. ಒಂದೇ ಭೇಟಿಯಲ್ಲಿ ಎಲ್ಲ ಮುಗಿಯುತ್ತದೆ ಎಂದುಕೊಂಡು ಬರಬೇಡ.

ಅಪ್ಪನಿಗೆ ಎಲ್ಲವನ್ನೂ ಈಗಲೇ ದಾನಪತ್ರ ಮಾಡಿ ನಿಮ್ಮಿಬ್ಬರಿಗೆ ಕೊಟ್ಟುಬಿಡುವ ಆಸೆ ಇತ್ತು. ವಕೀಲರು ತಡೆದರು. ವಿಲ್ ಆದರೆ ಬದುಕಿರುವ ತನಕ ಎಷ್ಟು ಸಲ ಬೇಕಾದರೂ ಬದಲಿಸಬಹುದು, ಕೊನೆಯದೇ ಲೆಕ್ಕಕ್ಕೆ. ದಾನಪತ್ರ ನೋಂದಣಿ ಆಯಿತು ಎಂದರೆ ಆಸ್ತಿ ಕೈಬಿಟ್ಟ ಹಾಗೆ. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಕೊಟ್ಟು, ಮಕ್ಕಳು ನೋಡಿಕೊಳ್ಳದೇ ಹೋದರೆ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಲ್ಲಿ ಉಪವಿಭಾಗಾಧಿಕಾರಿಯ ಮುಂದೆ ಹೋಗಬಹುದು. ನೀವು ಹಾಗೆ ಮಾಡುವವರಲ್ಲ, ನನಗೆ ಗೊತ್ತು. ಆದರೂ ಅಂಥ ಕಚೇರಿಯ ಮೆಟ್ಟಿಲು ಹತ್ತುವ ಪ್ರಸಂಗವೇ ಬರದಂತೆ ಬರೆಯುವುದು ಒಳ್ಳೆಯದು, ಅಲ್ವಾ?

ವಿಲ್‌ಗೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯ ಅಲ್ಲ. ಆದರೂ ನಾವು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸುತ್ತೇವೆ. ಇಬ್ಬರು ಸಾಕ್ಷಿ ಬೇಕೇ ಬೇಕು. ಪಾಲು ಸಿಗುವವರು ಸಾಕ್ಷಿ ಹಾಕದಿದ್ದರೆ ಒಳ್ಳೆಯದು ಎಂದರು. ಹಾಗಾಗಿ ನೀವಿಬ್ಬರೂ ಅಲ್ಲ. ನಮಗಿಂತ ಚಿಕ್ಕವರು, ಊರಲ್ಲೇ ಇರುವವರು ಆಗಬೇಕು, ಏಕೆಂದರೆ ಮುಂದೆ ತಕರಾರು ಬಂದರೆ ಅವರೇ ಕೋರ್ಟಿನಲ್ಲಿ ನಿಂತು ಹೇಳಬೇಕು.

ನಾಮಿನಿ ವಿಷಯದಲ್ಲಿ ತಮ್ಮನಿಗೂ ಒಂದು ತಪ್ಪು ಕಲ್ಪನೆ ಇದೆ, ನೀನೇ ಹೇಳು. ಬ್ಯಾಂಕಿನಲ್ಲಿ ನಾಮಿನಿ ಆದ ಮಾತ್ರಕ್ಕೆ ದುಡ್ಡು ಅವರದಾಗುವುದಿಲ್ಲ. ಅವರು ತೆಗೆದುಕೊಂಡು ವಾರಸುದಾರರಿಗೆ ಕೊಡಬೇಕಾದವರು. ಅಪ್ಪನ ಒಂದು ಹಳೆಯ ಎಲ್‌ಐಸಿ ಪಾಲಿಸಿಗೆ ಇನ್ನೂ ನಿನ್ನ ಅಜ್ಜಿಯೇ ನಾಮಿನಿ! ಅದನ್ನು ಬದಲಿಸಲು ಅರ್ಜಿ ಕೊಟ್ಟಾಯಿತು.

ಫೀ ಎಷ್ಟು, ಅದರಲ್ಲಿ ಏನೇನು ಸೇರಿದೆ ಎಂದು ಮೊದಲೇ ಬರೆಸಿಕೊಂಡಿದ್ದೇವೆ. ಇವರಿಗಿಂತ ಮೊದಲು ನಾವು ಕಂಡ ಒಬ್ಬ ಸಲಹೆಗಾರರು ಆಸ್ತಿಯ ಪಟ್ಟಿ ನೋಡಿದವರೇ ವಿಮೆ ಪಾಲಿಸಿಯ ಫಾರಂ ಮುಂದಿಟ್ಟರು. ನಾವು ಎದ್ದು ಬಂದೆವು. ನಮ್ಮಲ್ಲಿ ಎಸ್ಟೇಟ್ ಪ್ಲಾನಿಂಗ್, ಅಂದರೆ ಆಸ್ತಿ ಮುಂದೆ ಯಾರಿಗೆ ಹೇಗೆ ಎಂದು ಯೋಜಿಸಿಕೊಡುವ ಕೆಲಸ, ಎಂದು ಬೋರ್ಡ್ ಹಾಕಲು ಪ್ರತ್ಯೇಕ ಲೈಸೆನ್ಸ್ ಇಲ್ಲ. ನಿಮ್ಮ ಕಡೆ ಯಾರ ಹತ್ತಿರ ಹೋದರೂ ಅವರು ವಕೀಲರೋ, ಸಿಎಯೋ, ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯಲ್ಲಿ ನೋಂದಣಿ ಆದ ಹೂಡಿಕೆ ಸಲಹೆಗಾರರೋ, ಯಾರಿಂದಾದರೂ ಕಮಿಷನ್ ಬರುತ್ತದೆಯೋ ಎಂದು ನೇರವಾಗಿ ಕೇಳು. ಕೇಳಿದ್ದಕ್ಕೆ ಸಿಟ್ಟು ಬಂದರೆ ಅವರು ಬೇಡ.

ನಿಮ್ಮ ಕಡೆ ಎಂದೆನಲ್ಲ, ಅದನ್ನು ಬೇಕೆಂದೇ ಹೇಳಿದ್ದು. ನೀನೂ ಒಂದು ವಿಲ್ ಬರೆ. ಹೆಂಗಸು ವಿಲ್ ಬರೆಯದೆ ತೀರಿಕೊಂಡರೆ ಅವಳು ದುಡಿದು ಕೊಂಡದ್ದು ಗಂಡ, ಮಕ್ಕಳಿಗೆ ಹೋಗುತ್ತದೆ. ಅವರು ಯಾರೂ ಇಲ್ಲದಿದ್ದರೆ ಗಂಡನ ವಾರಸುದಾರರಿಗೆ. ಹೆತ್ತವರ ಸರದಿ ಆಮೇಲೆ. ನಿನ್ನ ದುಡ್ಡಿನ ಮೇಲೆ ನಮಗೆ ಒಂದಿಷ್ಟೂ ಆಸೆ ಇಲ್ಲ. ಆದರೆ ಹತ್ತು ಹನ್ನೆರಡು ತಾಸು ದುಡಿಯುವವಳು ನೀನು. ಅದು ಯಾರಿಗೆ ಎಂದು ನಿನ್ನ ಕೈಯಲ್ಲೇ ತೀರ್ಮಾನ ಆಗಲಿ.

ಇನ್ನೊಂದು ಇದೆ. ಬದುಕುವ ಭರವಸೆ ಇಲ್ಲ ಎಂದು ವೈದ್ಯರೇ ಹೇಳಿದ ಮೇಲೆ ವೆಂಟಿಲೇಟರ್ ಹಾಕಬೇಕೋ ಬೇಡವೋ ಎಂದು ಮೊದಲೇ ಬರೆದಿಡಲು 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದೆ. 2023ರಲ್ಲಿ ಅದನ್ನು ಸುಲಭ ಮಾಡಿದೆ. ಇಬ್ಬರು ಸಾಕ್ಷಿಯ ಎದುರು ಸಹಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಇದ್ದರೆ ಆಯಿತು. ನನ್ನ ಪರವಾಗಿ ಹೇಳುವವರು ಎಂದು ನಿನ್ನ ಹೆಸರು ಬರೆಸುತ್ತೇನೆ. ಅಳದೆ ನಿರ್ಧಾರ ಹೇಳುವ ಧೈರ್ಯ ನಿನಗಿದೆ ಎಂಬ ನಂಬಿಕೆ ನನ್ನದು. ಆಗುವುದಿಲ್ಲ ಅನಿಸಿದರೆ ಈಗಲೇ ಹೇಳು, ನನಗೆ ಬೇಸರ ಇಲ್ಲ.

ಬರುವಾಗ ಆಧಾರ್, ಪ್ಯಾನ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಮದುವೆ ನೋಂದಣಿಯ ಪ್ರತಿ ತಾ. ಒಂದರಲ್ಲಿ ಅಪ್ಪನ ಮನೆ ಹೆಸರು, ಇನ್ನೊಂದರಲ್ಲಿ ಗಂಡನ ಮನೆಯದು ಇದ್ದರೆ ವಕೀಲರು ಎರಡನ್ನೂ ಸೇರಿಸಿ ಬರೆಯುತ್ತಾರೆ. ಈ ಪತ್ರವನ್ನು ಅಳಿಯನಿಗೂ ಓದಿಸು. ವಕೀಲರು ನಿನ್ನನ್ನು ಒಬ್ಬಳನ್ನೇ ಕರೆದು ಮಾತಾಡಿದರೆ ತಪ್ಪು ತಿಳಿಯಬಾರದು ಎಂದು ಹೇಳಿಡು. ಹಬ್ಬಕ್ಕೆ ಕಚೇರಿಗಳೆಲ್ಲ ರಜೆ, ಎರಡು ದಿನ ಮುಂಚೆಯೇ ಹೊರಟು ಬಾ.

ನಿನ್ನ
ಆಯಿ